ಹಾಲಿಂದಲೇನಾ ಅಜ್ಜಿ?

"ರಕ್ತ ತಗೊಳ್ಳೋಳು ಬಂದವ್ಳಂತೆ ಕಣೇ" ಎಂಬುದು ಮುನಿಶಾಮಮ್ಮನ ಕಿವಿಗೆ ಮೊದಲು ಬಿದ್ದದ್ದು ತಾಯಲೂರಿನ ಡೈರಿಯ ಮುಂದೆ, ಹಾಲು ಹಾಕಲು ನಿಂತಿದ್ದಾಗ. ಹಾಲಿಗೂ ಮೂಳೆಗೂ ಇರುವ ನಂಟಿನ ಸಂಶೋಧನೆಗೆಂದು ಊರಿಗೆ ಬಂದಿದ್ದ ಆ ಹುಡುಗಿ ರಂಜಿತ ಯಾರ ಮಾತನ್ನೂ ಸುಮ್ಮನೆ ಒಪ್ಪುವವಳಲ್ಲ. ಮಂಜು ಬಿದ್ದು ಮಾವಿನ ಹೂ ಉದುರಿತೆಂದರೆ, ಮಂಜು ಬಿದ್ದೂ ಉದುರದ ಮರ ಹುಡುಕಿಕೊಂಡು ತೋಪಿಗೇ ಹೋದವಳು. ಹಾಲು ಕುಡಿದರೆ ಮೂಳೆ ಗಟ್ಟಿ ಎಂದರೆ, "ಹಾಲಿಂದಲೇನಾ ಅಜ್ಜಿ? ಹಾಲು ಕುಡಿಯೋ ಮನೇಲಿ ಮುದ್ದೆ ಸಾರೂ ಚೆನ್ನಾಗಿರುತ್ತಲ್ಲ?" ಎನ್ನುವಳು. "ಅದಕ್ಕೆ ರಕ್ತ ಯಾಕಮ್ಮಣ್ಣಿ?" ಎಂದು ಮುನಿಶಾಮಮ್ಮ ಕೇಳಿದರೆ ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವಳು. "ಹಾಲು ಕೆಲವರಿಗೆ ಅರಗುತ್ತೆ, ಕೆಲವರಿಗೆ ಅರಗಲ್ಲ. ಅದು ಹುಟ್ತಾನೇ ಬರೋ ಗುಣ. ಬಡವರು, ಸಾಹುಕಾರರು ಅಂತ ನೋಡಲ್ಲ. ರಕ್ತದಲ್ಲಿ ಗೊತ್ತಾಗುತ್ತೆ. ಅರಗೋರು ಜಾಸ್ತಿ ಕುಡೀತಾರೆ. ಅವರ ಮೂಳೆನೂ ಗಟ್ಟಿಯಿದ್ರೆ ಮುದ್ದೆ ಸಾರಿಂದಲ್ಲ, ಹಾಲಿಂದಲೇ ಅನ್ನಬಹುದು." "ಗಟ್ಟಿ ಐತಾ?" "ಇನ್ನೂ ಗೊತ್ತಿಲ್ಲ" ಎಂದು ನಗುವಳು. ಗೊತ್ತಿಲ್ಲ ಎನ್ನಲು ನಾಚದ ಅವಳಿಗೇ ಮುನಿಶಾಮಮ್ಮ ಯಾರಿಗೂ ಹೇಳದ್ದನ್ನು ಹೇಳಿದಳು: ಮೊನ್ನೆ ಮಗಳು ರಾಧಾಳ ಸೊಂಟ ಮುರಿದದ್ದು ತನ್ನಿಂದಲೇ, ಅವಳು ಚಿಕ್ಕವಳಿದ್ದಾಗ ಒಂದು ಲೋಟವನ್ನೂ ಉಳಿಸದೆ ಹಾಲೆಲ್ಲ ಡೈರಿಗೆ ಹಾಕಿದ್ದರಿಂದಲೇ. ರಂಜಿತ ವಾದಕ್ಕೆ ಇಳಿಯಲಿಲ್ಲ. ಹೊರಡುವಾಗ ಮುನಿಶಾಮಮ್ಮನ ಕೈ ಹಿಡಿದು ಕೇಳಿದಳು: "ಹಾಲು ಕೊಟ್ಟಿದ್ರೂ ರಾಧಕ್ಕನಿಗೆ ಅರಗ್ತಿತ್ತಾ ಅಜ್ಜಿ? ರಕ್ತ ನೋಡೋಕೆ ಒಂದ್ಸಲ ಅವರನ್ನ ಕರೆಸ್ತೀರಾ?"