ಬೇರಿಂಗಿನ ಮೇಲೆ ಕೂತ ಸೆನ್ಸರ್

ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯೊಂದರಲ್ಲಿ ನಾನು ಫಿಟ್ಟರ್. ಒಂದು ಸೋಮವಾರ ದೊಡ್ಡ ಫ್ಯಾನಿನ ಬೇರಿಂಗ್ ಸದ್ದು ಬದಲಾಗಿದೆ ಅಂತ ಇಂಜಿನಿಯರ್ ಸಾಹೇಬರಿಗೆ ಹೇಳಿದೆ. "ನೋಡೋಣ, ಹೋಗು" ಅಂದರು. ಬುಧವಾರ, ಅದಕ್ಕೆ ಹೊಸದಾಗಿ ಕೂಡಿಸಿದ್ದ ಸೆನ್ಸರ್ ಇದನ್ನೇ ಅವರ ಮೊಬೈಲಿಗೆ ತಿಳಿಸಿತು. ತಕ್ಷಣ ಫ್ಯಾನ್ ನಿಲ್ಲಿಸಿ ಬಿಚ್ಚಿಸಿದರು. ಬೇರಿಂಗ್ ಬಿರುಕು ಬಿಟ್ಟಿತ್ತು. ಎಲ್ಲರೂ ಆ ಬೆರಳುದ್ದದ ಡಬ್ಬಿಯನ್ನು ಹೊಗಳಿದ್ದೇ ಹೊಗಳಿದ್ದು. ನನಗೆ ಹೊಟ್ಟೆ ಉರಿಯಿತು.

"ಸಾಹೇಬ್ರ, ನಾ ಸೋಮವಾರನೇ ಹೇಳಿದ್ನಲ್ರಿ?"

"ನೀ ದಿನಾ ಏನರ ಹೇಳ್ತಿ. ಅದು ಸುಮ್ಮಸುಮ್ಮನೆ ಹೇಳಂಗಿಲ್ಲ" ಅಂದರು ಸಾಹೇಬರು.

ಮರುದಿನ ಸೆನ್ಸರ್ ಇಲ್ಲದ ಒಂದು ಗೇರ್‌ಬಾಕ್ಸ್ ಮುಟ್ಟಿದರೆ ಕೈ ಸುಟ್ಟಿತು. ಹೇಳಲೇಬಾರದು ಅಂತ ಊಟದವರೆಗೆ ಬಾಯಿ ಬಿಗಿಹಿಡಿದು ಕೂತೆ. ಮನಸ್ಸು ತಡೆಯಲಿಲ್ಲ. "ಗೇರ್‌ಬಾಕ್ಸ್ ಬಿಸಿ" ಅಂತಷ್ಟೇ ಸಾಹೇಬರ ಮೊಬೈಲಿಗೆ ಮೆಸೇಜ್ ಕಳಿಸಿದೆ. ಓಡಿ ಬಂದರು. ಕಳಿಸಿದವರ ಹೆಸರು ನೋಡಿರಲಿಕ್ಕಿಲ್ಲ.