ಮೋಲ್ಡಿನ ಮನೆಗೊಂದು ಮಣಿಚಿಟ್ಟೆ

ಇವತ್ತು ಬೆಳಿಗ್ಗೆ ಹ್ಯಾಂಡ್‌ಪೋಸ್ಟಿನಲ್ಲಿ ಹುಣಸೂರಿನ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಎದುರಿಗೆ ಯಾರದೋ ಮನೆ ಏಳುತ್ತಿತ್ತು. ಗಾರೆ ಕಾಣದ ಇಟ್ಟಿಗೆ ಗೋಡೆ, ಅದರ ಮೇಲೆ ಈಚೆಗೆ ಹಾಕಿದ ಕಾಂಕ್ರೀಟು ತಾರಸಿಯ ಮೋಲ್ಡು, ಮೋಲ್ಡಿನ ಮೂಲೆಗೆ ಕಟ್ಟಿದ ಬೂದುಗುಂಬಳಕಾಯಿ. ಅದರ ಪಕ್ಕದಲ್ಲಿ, ನಾಲಗೆ ಚಾಚಿದ ರಾಕ್ಷಸನ ಮುಖ ಇರಬೇಕಾದ ಜಾಗದಲ್ಲಿ, ತಂತಿಗೆ ಮಣಿ ಪೋಣಿಸಿ ಮಾಡಿದ ಒಂದು ಚಿಟ್ಟೆ ನೇತಾಡುತ್ತಿತ್ತು. ನೇತಾಡುತ್ತಿತ್ತು ಎಂದರೆ ಸುಳ್ಳಾದೀತು. ಆ ಗಾಳಿಗೆ ಕುಂಬಳಕಾಯಿಯೇ ತೂಗುತ್ತಿತ್ತು, ಚಿಟ್ಟೆ ಮಾತ್ರ ಜಪ್ಪಯ್ಯ ಎಂದರೂ ಅಲುಗುತ್ತಿರಲಿಲ್ಲ. ಎಡ ರೆಕ್ಕೆ ದೊಡ್ಡದು, ಬಲ ರೆಕ್ಕೆ ಚಿಕ್ಕದು, ನಿಲುವಿನಲ್ಲಿ ಜಪ್ತಿಗೆ ಬಂದ ಅಧಿಕಾರಿಯ ಗಾಂಭೀರ್ಯ. ಮಾಡಿದವರು ಯಾರೆಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. ಅದು ನಮ್ಮ ಚಿಕ್ಕಮ್ಮನ ಕೈಕೆಲಸ. ನಾನು ಹೊರಟಿದ್ದೂ ಹನಗೋಡಿನ ಅವಳ ಮನೆಗೇ. ‘ಹೊಸದೊಂದು ಮಾಡಿವ್ನಿ, ಬಂದು ನೋಡ್ಕೊಂಡೋಗು’ ಎಂದು ಹಿಂದಿನ ದಿನ ಫೋನು ಮಾಡಿದ್ದಳು.

ಬಸ್ಸು ಬರುವವರೆಗೆ ನಿಮಗೆ ಹಿಂದಿನ ಕತೆ ಹೇಳಬಹುದು. ಮೊದಲೇ ಎಚ್ಚರಿಸಿಬಿಡುತ್ತೇನೆ, ನಾನು ಪ್ರಯಾಣಕ್ಕೆ ಒಳ್ಳೆಯ ಜೊತೆಯಲ್ಲ. ಹೈಸ್ಕೂಲಿನಿಂದ ಕಾಲೇಜು ಮುಗಿಸುವವರೆಗೆ ಚರ್ಚಾಸ್ಪರ್ಧೆಗಳಲ್ಲೇ ಬೆಳೆದವಳು. ಪರವೋ ವಿರೋಧವೋ ಎಂಬುದು ಚೀಟಿ ಎತ್ತಿದ ಮೇಲೆ ತಿಳಿಯುತ್ತಿತ್ತು, ಆವೇಶ ಮಾತ್ರ ಮನೆಯಿಂದಲೇ ಹೊರಟಿರುತ್ತಿತ್ತು. ಅಲ್ಲಿ ಗೆದ್ದ ಕಪ್ಪುಗಳಲ್ಲಿ ಈಗ ನಮ್ಮಮ್ಮ ಪೆನ್ನು, ಬಾಚಣಿಗೆ, ಹಳೆಯ ಬೀಗದಕೈ ಹಾಕಿಟ್ಟಿದ್ದಾಳೆ. ನನಗೆ ಉಳಿದದ್ದು ಒಂದು ಕಾಯಿಲೆ. ಯಾರಾದರೂ ‘ನಾಳೆ ಮಳೆ ಬರಬಹುದು’ ಎಂದರೆ ‘ಆಧಾರ ಏನು?’ ಎಂದು ಕೇಳದಿದ್ದರೆ ಅನ್ನ ಇಳಿಯುವುದಿಲ್ಲ. ಮದುವೆ ಮನೆಗಳಲ್ಲಿ ನನ್ನ ಪಕ್ಕದ ಎಲೆ ಖಾಲಿ ಇರುತ್ತದೆ.

ಚಿಕ್ಕಮ್ಮನ ಕಲಾಜೀವನ ಶುರುವಾದದ್ದು ವೀರನಹೊಸಹಳ್ಳಿ ಕಡೆಯ ಒಂದು ಹೋಮ್‌ಸ್ಟೇಯಲ್ಲಿ. ಅಲ್ಲಿಗೆ ಅವಳು ಕಳೆ ಕೀಳುವ ಕೆಲಸಕ್ಕೆ ಹೋಗುತ್ತಿದ್ದಳು. ಪೇಟೆಯವರು ಕಾಡು ನೋಡಲು ಬಂದು, ಕಾಡಿಗೆ ಬೆನ್ನು ಹಾಕಿ, ಹೂದೋಟದಲ್ಲಿ ಕುಳಿತು ಫೋಟೋ ತೆಗೆಸಿಕೊಳ್ಳುವ ಜಾಗ ಅದು. ಆ ತೋಟದ ಗಿಡಗಳಲ್ಲಿ ತಂತಿ, ಮಣಿಗಳ ಹಕ್ಕಿ, ಹೂವು, ಚಿಟ್ಟೆಗಳನ್ನು ತೂಗಿಬಿಟ್ಟಿದ್ದರಂತೆ. ಬಂದವರೆಲ್ಲ ಅವುಗಳ ಕೆಳಗೆ ನಿಂತು ‘ಎಷ್ಟು ಚೆನ್ನಾಗಿದೆ’ ಎನ್ನುತ್ತಿದ್ದರಂತೆ. ಚಿಕ್ಕಮ್ಮ ಕಿತ್ತ ಕಳೆಯನ್ನು ನೋಡಿ ಯಾರೂ ಹಾಗೆ ಅಂದಿರಲಿಲ್ಲ.

‘ನಾ ಮಾಡಿದ್ದನ್ನೂ ಒಂದಿನ ಯಾರಾರ ತ್ವಾಟದಲ್ಲಿ ನೇತಾಕ್ಬೇಕು ಕಣೇ. ಚೆಂದಾಗದೆ ಅಂತಾವ ನೇತಾಕ್ಬೇಕು’ ಎಂದು ಆ ಸಂಜೆಯೇ ನನಗೆ ಹೇಳಿದಳು. ಅವಳು ಕೇಳಿದ್ದು ಅಷ್ಟೇ. ಬಯಕೆ ಸಣ್ಣದು, ನೆರವೇರಲಿಕ್ಕೇನು ಕಷ್ಟ ಎಂದುಕೊಂಡಿರಾ? ನೀವು ಅವಳ ಚಿಟ್ಟೆಯನ್ನು ಇನ್ನೂ ಹತ್ತಿರದಿಂದ ನೋಡಿಲ್ಲ.

ಚಿಕ್ಕಪ್ಪ ಕಂಬಿ ಕಟ್ಟುವ ಕೆಲಸದವನು. ಮೋಲ್ಡು ಹಾಕುವ ಮುಂಚೆ ಕಬ್ಬಿಣದ ಸರಳುಗಳನ್ನು ಅಡ್ಡಡ್ಡ ಉದ್ದುದ್ದ ಹಾಸಿ, ಸೇರುವ ಕಡೆಯಲ್ಲೆಲ್ಲ ಬೈಂಡಿಂಗ್ ತಂತಿ ಸುತ್ತಿ, ಕೊಕ್ಕೆಯಿಂದ ತಿರುಚಿ ಬಿಗಿಯುತ್ತಾರಲ್ಲ, ಆ ಕೆಲಸ. ಮಿಕ್ಕ ತಂತಿ ಮನೆಗೆ ಬರುತ್ತಿತ್ತು. ಮಣಿಗೆ ಬಾಗಿಲಿನ ಹಳೆಯ ಮಣಿಪರದೆ ಬಲಿಯಾಯಿತು. ಬಿಗಿಯಲು ಚಿಕ್ಕಮ್ಮ ಚಿಕ್ಕಪ್ಪನ ಕೊಕ್ಕೆಯನ್ನೇ ಎತ್ತಿಕೊಂಡಳು. ಕೊಕ್ಕೆಗೆ ಒಂದೇ ವಿದ್ಯೆ ಗೊತ್ತು. ಅದು ಹೂವಿನ ಎಸಳನ್ನೂ ತೊಲೆಯನ್ನೂ ಒಂದೇ ಸಮ ಬಿಗಿಯಿತು. ಮೊದಲ ಚಿಟ್ಟೆಯನ್ನು ನನ್ನ ಕೈಗೆ ಕೊಟ್ಟಾಗ ತೂಕಕ್ಕೆ ಮೊಣಕೈ ಇಳಿಯಿತು. ಅದರ ಮೇಲೆ ಎರಡಂತಸ್ತು ಎಬ್ಬಿಸಬಹುದಿತ್ತು.

‘ಹಾರೋ ಥರ ಅನ್ನಿಸ್ತಾ ಇಲ್ವಲ್ಲ ಚಿಕ್ಕಮ್ಮ.’

‘ಹಾರೋಗ್ಬಾರದು ಅಂತಲೇ ಅಲ್ವಾ ಕಟ್ಟಿರೋದು!’ ಎಂದಳು. ಈ ವಾದಕ್ಕೆ ಖಂಡನೆ ನಾನು ಇನ್ನೂ ಹುಡುಕುತ್ತಿದ್ದೇನೆ.

ನೆಂಟರಿಗೆಲ್ಲ ಹಂಚಿದಳು. ನೆಂಟರು ಸಂಭಾವಿತರು, ಈಸಿಕೊಂಡರು, ಅಟ್ಟಕ್ಕೆ ಹಾಕಿದರು. ಒಂದನ್ನು ಚಿಕ್ಕಪ್ಪ ಕೆಲಸ ಮಾಡುತ್ತಿದ್ದ ಮನೆಯ ಯಜಮಾನರಿಗೆ, ಮುಂದೆ ಹೂಗಿಡ ಹಾಕಿದಾಗ ತೂಗಿಬಿಡಲಿ ಎಂದು, ಮುಂಚಿತವಾಗಿಯೇ ಕೊಟ್ಟಳು. ಮೋಲ್ಡಿನ ಹಿಂದಿನ ದಿನ ಅಲ್ಲಿಯ ದೃಷ್ಟಿಗೊಂಬೆ ಬಿದ್ದು ಒಡೆಯಿತು. ಮೇಸ್ತ್ರಿ ಆ ಕಡೆ ಈ ಕಡೆ ನೋಡಿ, ಇದ್ದುದರಲ್ಲಿ ಭಯಂಕರವಾದದ್ದನ್ನು ಎತ್ತಿ ನೇತುಹಾಕಿದ. ಮಾರನೆಯ ದಿನ ಮೋಲ್ಡು ಸುಸೂತ್ರವಾಗಿ ಮುಗಿಯಿತು. ಮಳೆ ಬರಲಿಲ್ಲ, ಮಿಕ್ಸರ್ ಕೆಡಲಿಲ್ಲ, ಆಳುಗಳು ಜಗಳವಾಡಲಿಲ್ಲ. ಮೂರಕ್ಕೂ ಬೇರೆ ಬೇರೆ ಕಾರಣಗಳಿದ್ದವು, ನಾನು ಬಿಡಿಸಿ ಹೇಳಬಲ್ಲೆ. ಕೇಳುವವರು ಯಾರು? ಪಿರಿಯಾಪಟ್ಟಣದಿಂದ ಕೆ.ಆರ್. ನಗರದವರೆಗೆ ಮನೆ ಕಟ್ಟುವವರ ಬಾಯಲ್ಲೆಲ್ಲ ಅದೇ ಚಿಟ್ಟೆ. ಕೇಳಿಕೊಂಡು ಜನ ಬರತೊಡಗಿದರು. ಒಬ್ಬರಿಗೂ ತೋಟ ಇರಲಿಲ್ಲ, ಎಲ್ಲರಿಗೂ ಇದ್ದದ್ದು ಮೋಲ್ಡು.

ಹೀಗೆ ಬಂದವರಲ್ಲಿ ಪಕ್ಕದ ಬೀದಿಯ ಪುಟ್ಟತಾಯಮ್ಮನೂ ಒಬ್ಬರು. ಆ ದಿನ ನಾನು ಅಲ್ಲೇ ಇದ್ದೆ, ದುರದೃಷ್ಟಕ್ಕೆ.

‘ಅಕ್ಕ, ಸುಕ್ರವಾರ ನಮ್ಮನೆ ಮೋಲ್ಡು. ದೃಷ್ಟಿಗೆ ಒಂದು ಕೊಡಿ’ ಎಂದರು.

‘ದೃಷ್ಟಿಗೆ ಅಲ್ಲ ಪುಟ್ಟತಾಯಮ್ಮ, ಅದು ಚಿಟ್ಟೆ. ತ್ವಾಟಕ್ಕೆ ಹಾಕೋದು.’

‘ಚಿಟ್ಟೆಯಾ?’ ಪುಟ್ಟತಾಯಮ್ಮ ಅದನ್ನು ತಿರುಗಿಸಿ ನೋಡಿದರು. ‘ಇರ್ಲಿ ಬುಡಿ. ಏನಾದ್ರೇನು, ಕೆಲ್ಸ ಮಾಡ್ತದಲ್ಲ.’

ಚಿಕ್ಕಮ್ಮನ ಮುಖ ಬಾಡಿತು. ನನಗೆ ತಡೆಯಲಾಗಲಿಲ್ಲ, ಎದ್ದು ನಿಂತೆ. ಕುಳಿತು ವಾದ ಮಾಡುವ ಅಭ್ಯಾಸ ನನಗಿಲ್ಲ. ಕಣ್ಣು ಬೆಳಕನ್ನು ಒಳಗೆ ತೆಗೆದುಕೊಳ್ಳುವ ಅಂಗ, ಅದರಿಂದ ಹೊರಗೆ ಏನೂ ಹೋಗುವುದಿಲ್ಲ ಎಂದೆ. ಹೋಗುವುದೇ ಆದರೆ ಚಿಟ್ಟೆ ತಡೆಯುವುದಿಲ್ಲ ಎಂದೆ. ತಡೆಯುವುದೇ ಆದರೆ ಕುಂಬಳಕಾಯಿ ಯಾಕೆ, ನಿಂಬೆಹಣ್ಣು ಯಾಕೆ, ಹಳೇ ಚಪ್ಪಲಿ ಯಾಕೆ, ಒಂದರ ಮೇಲೆ ಒಂದಕ್ಕೆ ನಂಬಿಕೆಯಿಲ್ಲವೇ ಎಂದೆ. ಗಂಟೆ ಹೊಡೆಯುವವರು ಯಾರೂ ಇರಲಿಲ್ಲವಾದ್ದರಿಂದ ಬಹಳ ಹೊತ್ತು ಮಾತಾಡಿದೆ. ಪುಟ್ಟತಾಯಮ್ಮ ಎಲೆ ಅಡಿಕೆ ಜಗಿಯುತ್ತಾ ಪೂರ್ತಿ ಕೇಳಿದರು. ಅಷ್ಟು ತಾಳ್ಮೆಯ ತೀರ್ಪುಗಾರರನ್ನು ನಾನು ಯಾವ ಸ್ಪರ್ಧೆಯಲ್ಲೂ ಕಂಡಿಲ್ಲ.

‘ಆಯ್ತು ಕಣವ್ವ, ದೃಷ್ಟಿ ಇಲ್ಲ ಅಂತಲೇ ಇಟ್ಕೊ. ಅಂಗಂದ್ರೆ ಇದು ಚೆಂದಕ್ಕೆ ಮಾಡಿರೋದು. ನಿಮ್ಮನೇಲಿ ಒಂದದೆಯಾ?’

‘ಇದೆ.’

‘ಎಲ್ಲಿ ಹಾಕಿದ್ದೀರಿ?’

‘ಹಿತ್ತಲಲ್ಲಿ. ಅವರೆ ಚಪ್ಪರಕ್ಕೆ.’

ಚಿಕ್ಕಮ್ಮ ಎದ್ದೇಬಿಟ್ಟಳು. ‘ನೋಡಿದ್ರಾ! ನಮ್ಮಕ್ಕ ತ್ವಾಟದಲ್ಲೇ ಹಾಕವ್ಳೆ!’

‘ಯಾಕಂತೆ?’ ಪುಟ್ಟತಾಯಮ್ಮ ಅವಳನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದರು.

ನೇರ ಪ್ರಶ್ನೆಗೆ ನೇರ ಉತ್ತರ ಕೊಡಬೇಕು ಎಂಬುದು ನಾನು ಕಲಿತ ಶಿಸ್ತು. ‘ಕೋತಿ ಬರದಿರಲಿ ಅಂತ’ ಎಂದೆ.

ಪುಟ್ಟತಾಯಮ್ಮ ನಗಲೂ ಇಲ್ಲ. ಚಿಟ್ಟೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟರು. ಚಿಕ್ಕಮ್ಮ ಕೊಕ್ಕೆ ಕೆಳಗಿಟ್ಟಳು. ‘ಅಷ್ಟೊಂದು ಓದಿದ್ದೀಯ, ಒಂದು ಸುಳ್ಳು ಹೇಳಾಕ್ ಬರಕ್ಕಿಲ್ವಲ್ಲೇ ನಿಂಗೆ’ ಎಂದಳು. ಆಮೇಲೆ ಎಷ್ಟೋ ದಿನ ನನಗೆ ಫೋನು ಬರಲಿಲ್ಲ. ಅಮ್ಮನ ಮೂಲಕ ಸುದ್ದಿ ಮಾತ್ರ ಬರುತ್ತಿತ್ತು. ಬೇಡಿಕೆ ಏರಿತ್ತು, ಚಿಟ್ಟೆಗಳು ಮನೆಯಿಂದ ಮನೆಗೆ ಹೋಗುತ್ತಿದ್ದವು, ಚಿಕ್ಕಮ್ಮ ಪ್ರತಿಯೊಬ್ಬರಿಗೂ ‘ಇದು ಚಿಟ್ಟೆ’ ಎಂದು ಹೇಳಿಯೇ ಕೊಡುತ್ತಿದ್ದಳು.

ಬಸ್ಸು ಬಂತು, ಹುಣಸೂರಿನಲ್ಲಿ ಇಳಿದು ಇನ್ನೊಂದು ಹತ್ತಿ ಹನಗೋಡು ಸೇರಿದೆ. ಚಿಕ್ಕಮ್ಮ ಬಾಗಿಲಲ್ಲೇ ಕಾದಿದ್ದಳು. ಮುಖದಲ್ಲಿ ಯುದ್ಧದ ಕಳೆ.

‘ದೃಷ್ಟಿಗೊಂಬೆ ಬೇಕು, ದೃಷ್ಟಿಗೊಂಬೆ ಬೇಕು ಅಂತ ತಲೆ ತಿಂದ್ರಲ್ಲ, ಮಾಡಿವ್ನಿ. ಇನ್ಮ್ಯಾಕೆ ಚಿಟ್ಟೆ ಮುಟ್ಟಕ್ಕಿಲ್ಲ. ನೀನು ಇದ್ದದ್ದು ಇದ್ದಂಗೆ ಹೇಳೋಳು. ನೋಡಿ ಹೇಳು, ಗ್ರಾಚಾರಗೆಟ್ಟಂಗದೆ ತಾನೆ?’

ಹಿತ್ತಲಿನ ಸೀಬೆ ಕೊಂಬೆಗೆ ಒಂದು ರಾಕ್ಷಸನ ತಲೆ ತೂಗುಬಿದ್ದಿತ್ತು. ಸಿಟ್ಟಿನಲ್ಲಿ ಮಾಡಿದ್ದು. ಇಷ್ಟಕ್ಕೆ ಕೊಕ್ಕೆ ಬೇರೆ ಕೇಡು ಎಂದು ಬರಿಗೈಯಲ್ಲೇ ತಿರುಚಿದ್ದಳಂತೆ. ಹಾಗಾಗಿ ತಂತಿ ಎಲ್ಲೂ ಬಿಗಿದಿರಲಿಲ್ಲ. ಕೂದಲಿನ ಎಳೆಗಳು ಹೇಗೆ ಬೇಕೋ ಹಾಗೆ ಚೆದುರಿ ಗಾಳಿಗೆ ನಡುಗುತ್ತಿದ್ದವು. ಬಳೆಯೊಳಗೆ ಕೂರಿಸಿದ ಕಣ್ಣುಗುಡ್ಡೆ ಹೊರಳುತ್ತಿತ್ತು. ಕೆಂಪು ಮಣಿಯ ನಾಲಗೆಯ ಮೇಲೆ ಬಿಸಿಲು ಹರಿದಾಡಿ, ಅವನು ಏನನ್ನೋ ಸವಿದು ಇನ್ನಷ್ಟು ಕೇಳುತ್ತಿದ್ದಾನೆ ಅನ್ನಿಸುತ್ತಿತ್ತು. ನಾನು ಐಬು ಹುಡುಕಿದೆ. ಅಭ್ಯಾಸಬಲದಿಂದ ಹಿಂದೆ ಹೋಗಿಯೂ ನೋಡಿದೆ.

‘ಚೆನ್ನಾಗಿದೆ’ ಎಂದೆ.

‘ಅಣಕಿಸ್ಬೇಡ.’

‘ಚಿಕ್ಕಮ್ಮ, ತುಂಬಾ ಚೆನ್ನಾಗಿದೆ. ನಾನು ನಿಂತು ನೋಡ್ತಾನೇ ಇರಬೇಕು ಅನ್ನಿಸ್ತಾ ಇದೆ.’

‘ಥೂ ನಿನ್ನ! ಚೆಂದಕ್ಕೆ ಮಾಡಿದ್ದನ್ನ ಕೋತಿ ಓಡ್ಸಕ್ಕೆ ಕಟ್ಕೊತೀರಿ, ಕೆಟ್ಟದಾಗ್ಲಿ ಅಂತ ಮಾಡಿದ್ದನ್ನ ಚೆನ್ನಾಗದೆ ಅಂತೀಯ!’

ನಾವು ಹೀಗೆ ಜಗಳವಾಡುತ್ತಿರುವಾಗಲೇ ಪುಟ್ಟತಾಯಮ್ಮ ಬೇಲಿ ದಾಟಿ ಬಂದರು. ಅವರ ತಂಗಿ ಮನೆಗೂ ಮೋಲ್ಡಂತೆ. ಚಿಕ್ಕಮ್ಮ ಗೆಲುವಾಗಿ ರಾಕ್ಷಸನನ್ನು ತೋರಿಸಿದಳು. ಪುಟ್ಟತಾಯಮ್ಮ ನೋಡಿದರು, ಜಗಿಯುವುದನ್ನು ನಿಲ್ಲಿಸಿದರು.

‘ಇದು ಆಗಕ್ಕಿಲ್ಲ ಕಣಕ್ಕ. ಇದಕ್ಕೇ ದೃಷ್ಟಿ ಆಗ್ತದೆ.’ ಒಂದು ಹೆಜ್ಜೆ ಹತ್ತಿರ ಹೋಗಿ ನಾಲಗೆಯನ್ನು ಬೆರಳಿನಿಂದ ಮೀಟಿದರು. ‘ತಂಗಿ ಮನೆಗೆ ಚಿಟ್ಟೇನೇ ಕೊಡಿ. ಇವನನ್ನ ನಂಗೆ ಕೊಡ್ತೀರಾ? ಮುಂದ್ಗಡೆ ಗುಲಾಬಿ ಹಾಕಿವ್ನಿ. ಅದರ್ ಮಧ್ಯ ತೂಗಾಕ್ತೀನಿ. ಬಂದೋರು ಹೋದೋರು ನೋಡ್ಲಿ.’

ಚಿಕ್ಕಮ್ಮ ನನ್ನ ಕಡೆ ತಿರುಗಿದಳು. ಇದರಲ್ಲಿ ಮೋಸವೇನಾದರೂ ಇದೆಯೇ ಎಂದು ನನ್ನ ಮುಖದಲ್ಲಿ ಹುಡುಕಿದಳು. ಇರಲಿಲ್ಲ. ಆಮೇಲೆ ಸರಕ್ಕನೆ ಒಳಗೆ ಹೋದಳು. ಸಿಟ್ಟಾದಳೋ ಅಳಲು ಹೋದಳೋ ಎಂದು ನಾವಿಬ್ಬರೂ ಕಾದೆವು. ಬರುವಾಗ ಅವಳ ಬೆರಳ ತುದಿಯಲ್ಲಿ ಕಾಡಿಗೆ ಇತ್ತು.

‘ಅಷ್ಟು ಜನದ ಕಣ್ಣು ಬೀಳೋ ಕಡೆ ಬರೀ ಮುಖದಲ್ಲಿ ಕಳಿಸ್ಲಾ?’ ಎಂದಳು ನನಗೆ. ‘ಗಾಳೀಗೆ ಅಲ್ಲಾಡ್ತಾನೆ, ಒಸಿ ಹಿಡ್ಕೊ.’

ಕಣ್ಣಿನಿಂದ ಏನೂ ಹೊರಗೆ ಹೋಗುವುದಿಲ್ಲ ಎಂಬ ನನ್ನ ವಾದ ಈಗಲೂ ಅಷ್ಟೇ ಸರಿಯಾಗಿದೆ, ಅದರಲ್ಲಿ ಒಂದಕ್ಷರವನ್ನೂ ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ರಾಕ್ಷಸನ ಗಲ್ಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

‘ಆ ಕೆನ್ನೆಗೆ ಇಡು ಚಿಕ್ಕಮ್ಮ’ ಎಂದೆ. ‘ಈ ಕಡೆ ಕೂದಲು ಅಡ್ಡ ಬರುತ್ತೆ, ಬೊಟ್ಟು ಕಾಣಲ್ಲ.’