ಸುನಂದಾಬಾಯಿ ಸೋಲದ ಕೇಸು

ವಕೀಲೆ ಸುನಂದಾಬಾಯಿ ನನ್ನ ಕೇಸು ಸೋಲಲಿಲ್ಲ. ನನಗೆ ಗುದ್ದಿದವನು ಮೆಹಬೂಬಭಾಯಿಯೂ ಅಲ್ಲ. ಈ ಎರಡು ಮಾತನ್ನು ಊರವರ ಮುಂದೆ ಹೇಳುವ ಧೈರ್ಯ ಇಷ್ಟು ವರ್ಷ ನನಗೆ ಬರಲಿಲ್ಲ — ಬರಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ, ನಾನು ತಂದುಕೊಳ್ಳಲಿಲ್ಲ. ಒಬ್ಬರು ನನ್ನ ಜೀವ ಉಳಿಸಿದರು. ಇನ್ನೊಬ್ಬರು ನನ್ನನ್ನು ಸುಳ್ಳಿನಿಂದ ಹೊರಗೆಳೆದರು. ಇಬ್ಬರ ಹೆಸರನ್ನೂ ನಾನು ಕೆಡಿಸಿದೆ.

ನಮ್ಮದು ಮಹಾರಾಷ್ಟ್ರದ ಗಡಿಯಲ್ಲಿರುವ ನಿಲಂಗಾ ತಾಲೂಕಿನ ಒಂದು ಹಳ್ಳಿ. ಆ ದಿನ ತುರೋರಿಯಲ್ಲಿರುವ ಅಕ್ಕನ ಮನೆಗೆ ಹೋಗಿ, ಸಂಜೆ ಮೋಟಾರ್ ಸೈಕಲ್ ಮೇಲೆ ಉಮರ್ಗಾದ ಕಡೆಗೆ ಹೊರಟಿದ್ದೆ. ಹಿಂದಿನಿಂದ ಬಂದ ಲಾರಿಯೊಂದು ಗುದ್ದಿಕೊಂಡು ಹೋಯಿತು. ನಿಲ್ಲಲಿಲ್ಲ. ಬಿದ್ದಲ್ಲಿಂದ ಅದರ ಹಿಂದಿನ ಕೆಂಪು ದೀಪ ಮಾತ್ರ ನನಗೆ ಕಾಣಿಸಿತು. ಬಲಗಾಲು ಇದ್ದ ಜಾಗದಲ್ಲಿ ಏನಾಗಿದೆ ಎಂದು ನೋಡಲು ಹೆದರಿಕೆ.

ಜನ ಸೇರಿದರು. ಮೊಬೈಲ್ ಹಿಡಿದು ನಿಂತರು. ಅವರ ನಡುವಿನಿಂದ ಗಡ್ಡದ ಮನುಷ್ಯನೊಬ್ಬ ಬಂದ. ಅವನೇ ಮೆಹಬೂಬಭಾಯಿ, ಉದಗೀರದವನು. ತನ್ನ ಪಿಕಪ್ ಗಾಡಿಯಲ್ಲಿ ಟೊಮ್ಯಾಟೊ ಸಾಗಿಸುತ್ತಿದ್ದ. ಬುಟ್ಟಿಗಳನ್ನೆಲ್ಲ ರಸ್ತೆಯ ಬದಿಗೆ ಇಳಿಸಿ, ನನ್ನನ್ನು ಎರಡೂ ಕೈಯಲ್ಲಿ ಎತ್ತಿ ಒಳಗೆ ಮಲಗಿಸಿದ. ಹೆಗಲ ಮೇಲಿನ ರುಮಾಲು ಬಿಚ್ಚಿ ನನ್ನ ತೊಡೆಗೆ ಬಿಗಿಯಾಗಿ ಕಟ್ಟಿದ. ಉಮರ್ಗಾದ ಆಸ್ಪತ್ರೆ ಬರುವವರೆಗೂ ಒದರುತ್ತಲೇ ಇದ್ದ.

"ಕಣ್ಣ ಮುಚ್ಚಬ್ಯಾಡ ಬೇಟಾ. ನಿಮ್ಮ ಹೊಲದಾಗ ಏನೇನ್ ಬೆಳೀತದ ಹೇಳು. ಜೋರ್ಲೆ ಹೇಳು, ನನಗ ಕೇಳಬೇಕು."

ತೊಗರಿ ಅಂದೆ. ಸೋಯಾ ಅಂದೆ. ಉಳಿದದ್ದು ನೆನಪಿಲ್ಲ. ಕಾಲು ಹೋಯಿತು, ಜೀವ ಉಳಿಯಿತು. ಇನ್ನಷ್ಟು ತಡವಾಗಿದ್ದರೆ ಅದೂ ಇರುತ್ತಿರಲಿಲ್ಲ ಎಂದು ಡಾಕ್ಟರರು ನನ್ನ ಹೆಂಡತಿಗೆ ಹೇಳಿದರಂತೆ.

ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಕಾಕಾ ಕೂತಿದ್ದರು — ನನ್ನ ಅಪ್ಪನ ತಮ್ಮ. ಮನೆಯ ಹಿರಿಯರು, ನನ್ನ ಮೇಲೆ ಪ್ರೀತಿ ಇದ್ದವರು. ಅವರು ಹೇಳಿದ್ದು ಇಷ್ಟು:

"ಓಡಿಹೋದ ಲಾರಿ ಎಲ್ಲಿ ಹುಡುಕೂದು, ಶಿವರಾಜ? ಆ ಪಿಕಪ್‌ದವಂದು ವಿಮಾ ಅದ. ಕೊಡೂದು ಕಂಪನಿ, ಅಂವಾ ಅಲ್ಲ. ಅವಂದೇನ್ ಹೋಗ್ತದ? ನಿನಗ ಎರಡು ಹೆಣ್ಣ ಮಕ್ಕಳಾವ."

ಕಾಕಾ ಹೇಳಿದರು ಎಂದು ಬರೆಯುತ್ತಿದ್ದೇನೆ. ಆದರೆ ಬಾಯಿ ನನ್ನದು. ಪೊಲೀಸರು ಬಂದು ಮರಾಠಿಯಲ್ಲಿ ಕೇಳಿದರು, ನಾನೂ ಮರಾಠಿಯಲ್ಲೇ ಹೇಳಿದೆ — "ತ್ಯಾನಂಚ್ ಧಡಕ್ ದಿಲೀ." ಅವನೇ ಗುದ್ದಿದ. ಮನೆಯಲ್ಲಿ ಆಡದ ಭಾಷೆಯಲ್ಲಿ ಸುಳ್ಳು ಎಷ್ಟು ಸಲೀಸಾಗಿ ಬಂತು ಎಂದು ಈಗಲೂ —

ಮೆಹಬೂಬಭಾಯಿಯ ಮೇಲೆ ಕೇಸಾಯಿತು. ಗಾಡಿ ಜಪ್ತಿಯಾಗಿ ಠಾಣೆಯ ಅಂಗಳ ಸೇರಿತು. ತಾನು ಎತ್ತಿಕೊಂಡು ಬಂದವನು ಎಂದು ಅವನು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಅವನ ಗಾಡಿಯಲ್ಲಿ ಬಿದ್ದಿದ್ದ ನನ್ನ ರಕ್ತವೇ ಅವನ ವಿರುದ್ಧ ಸಾಕ್ಷಿಯಾಯಿತು.

ಪರಿಹಾರದ ದಾವೆಗಾಗಿ ನಿಲಂಗಾದ ಸುನಂದಾಬಾಯಿಯವರ ಹತ್ತಿರ ಹೋದೆವು. ಬಟ್ಟೆ ವ್ಯಾಪಾರದ ಮನೆತನದ ಹೆಣ್ಣುಮಗಳು, ನಮ್ಮ ಹಾಗೆ ಮನೆಯಲ್ಲಿ ಕನ್ನಡ ಆಡುವವರು. ಬೈಕಿನಿಂದ ಬಿದ್ದವರು, ಬಿದ್ದು ಸತ್ತವರ ಹೆಂಡಂದಿರು — ಈ ಭಾಗದಲ್ಲಿ ಹೆಚ್ಚಾಗಿ ಆಕೆಯ ಕಚೇರಿಗೇ ಬರುತ್ತಿದ್ದರು. ಆಕೆ ಮೊದಲು ಕೇಳುತ್ತಿದ್ದದ್ದು ಕಾಗದಪತ್ರಗಳನ್ನಲ್ಲ. ಮನೆಯಲ್ಲಿ ಯಾರು ಸ್ನಾನ ಮಾಡಿಸುತ್ತಾರೆ, ಒಲೆಯ ಮುಂದೆ ಯಾರು ಕೂಡುತ್ತಾರೆ, ಮಕ್ಕಳನ್ನು ಶಾಲೆ ಬಿಡಿಸಿಲ್ಲ ತಾನೆ — ಇವನ್ನು ಕೇಳುತ್ತಿದ್ದರು. ಒಂದು ಕಾಲು ಹೋದರೆ ಮನೆಯಲ್ಲಿ ಏನೇನು ನಿಲ್ಲುತ್ತದೆ ಎನ್ನುವುದನ್ನು ಕೋರ್ಟಿಗೆ ತಿಳಿಸಿ ಹೇಳುವುದರಲ್ಲಿ ಆಕೆಯಂಥ ಇನ್ನೊಬ್ಬರನ್ನು ನಾನು ಕಂಡಿಲ್ಲ. ಅಂಥವರ ಮುಂದೆಯೂ ನಾನು ಅದೇ ಸುಳ್ಳು ಹೇಳಿದೆ.

ಆಕೆ ಬರೆದುಕೊಂಡರು, ದಾವೆ ಹಾಕಿದರು. ಆಮೇಲೆ ಒಂದು ದಿನ, ಯಾರಿಗೂ ಹೇಳದೆ, ಬಸ್ಸು ಹತ್ತಿ ತುರೋರಿಗೆ ಹೋದರು. ನಾನು ಬಿದ್ದ ಜಾಗ ನೋಡಿದರು. ಎದುರಿನ ಚಹದಂಗಡಿಯಲ್ಲಿ ಕೂತು ಅಂಗಡಿಯವಳನ್ನು ಮಾತಾಡಿಸಿದರು. ಮರುದಿನ ನನ್ನನ್ನು ಕರೆಸಿ, ಕಾಕಾನನ್ನು ಹೊರಗೆ ಕೂಡಿಸಿ ಬಾಗಿಲು ಹಾಕಿದರು.

"ಶಿವರಾಜ, ನೀ ಬೀಳೂ ಮುಂದ ಮೆಹಬೂಬ ಆಕಿ ಅಂಗಡ್ಯಾಗ ಚಹಾ ಕುಡ್ಯಾಕತ್ತಿದ್ದನಂತ. ಗಾಡಿ ಬಾಜೂಕ ನಿಂತಿತ್ತಂತ. ಅಂವಾ ಕಪ್ ಅಲ್ಲೇ ಒಗದು ಓಡಿ ಬಂದನಂತ. ಈಗ ನೀ ಹೇಳು."

ನಾನು ಬಾಗಿಲ ಕಡೆ ನೋಡಿದೆ. ಆಕೆ ಕಾಯುತ್ತಿದ್ದರು. ಬೈಗುಳವಿಲ್ಲ, ಕೋಪವಿಲ್ಲ.

"ಅಂವಾ ಅಲ್ಲ ಬಾಯಾರ," ಅಂದೆ. "ಲಾರಿ ಅದು. ಓಡಿ ಹೋಯ್ತು."

ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಈ ದಾವೆ ನಾ ನಡಸಂಗಿಲ್ಲ. ಆದ್ರ ನಿನ್ನ ಕೈ ಬಿಡಂಗಿಲ್ಲ. ಠಾಣಾಕ್ಕ ಹೋಗಿ ಖರೆ ಹೇಳಬೇಕು. ಸುಳ್ಳ ಹೇಳಿದ್ದಕ್ಕ ನಿನ್ನ ಮ್ಯಾಲೇ ಕೇಸ ಆಗಬಹುದು. ಆಗ್ಲಿ, ನಿನ್ನ ಬಾಜೂಕ ನಾ ನಿಂದರ್ತೀನಿ."

ನಿಂತರು. ಉಮರ್ಗಾದ ಠಾಣೆಯಲ್ಲಿ, ಊರುಗೋಲಿನ ಮೇಲೆ ನಾನು, ಪಕ್ಕದಲ್ಲಿ ಆಕೆ. ಸಾಹೇಬರು ಬಾಯಿಗೆ ಬಂದಂತೆ ಬೈದರು. ಮೆಹಬೂಬಭಾಯಿಯನ್ನೂ ಕರೆಸಿದ್ದರು. ಈ ಹುಡುಗನ ಮೇಲೆ ದೂರು ಕೊಡುತ್ತೀಯೇನು ಎಂದು ಅವನನ್ನು ಕೇಳಿದರು. ಅವನು ನನ್ನ ಮಡಿಸಿ ಕಟ್ಟಿದ ಪ್ಯಾಂಟಿನ ಕಡೆ ನೋಡಿದ. "ನಕೋ ಸಾಹೇಬ, ದೂರು ಬ್ಯಾಡ. ನನ್ನ ಗಾಡಿ ಕೊಡ್ರಿ, ಸಾಕು," ಅಂದ.

ಅವನ ಮೇಲಿನ ಕೇಸು ಹೋಯಿತು, ಗಾಡಿ ಸಿಕ್ಕಿತು, ನನ್ನ ಮೇಲೂ ಕೇಸಾಗಲಿಲ್ಲ. ದಾವೆಯನ್ನು ವಾಪಸು ತೆಗೆದೆವು. ಗುದ್ದಿ ಓಡಿಹೋದ ವಾಹನದಿಂದ ಪೆಟ್ಟಾದವರಿಗೆ ಸರಕಾರ ಕೊಡುವ ಸಣ್ಣ ಪರಿಹಾರ ಒಂದಿದೆ. ಅದಕ್ಕೆ ಆಕೆಯೇ ಅರ್ಜಿ ಹಾಕಿ, ಕಚೇರಿಯಿಂದ ಕಚೇರಿಗೆ ಅಲೆದು ಕೊಡಿಸಿದರು. ಕೃತಕ ಕಾಲು ಎಲ್ಲಿ ಹಾಕುತ್ತಾರೆಂದು ವಿಚಾರಿಸಿ ಕಳಿಸಿದವರೂ ಆಕೆಯೇ. "ಮೆಹಬೂಬನ ಮನೀಗಿ ಹೋಗಿ ಬಾ," ಅಂದರು. "ನಾ ಬರಂಗಿಲ್ಲ. ಒಬ್ಬನ ಹೋಗು."

ಉದಗೀರದ ಕೋಟೆಯ ಹಿಂದಿನ ಓಣಿಯಲ್ಲಿ ಅವನ ಮನೆ. ಅವನ ಹೆಂಡತಿ ನನ್ನನ್ನು ನೋಡಿ ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಗಾಡಿ ಠಾಣೆಯಲ್ಲಿದ್ದ ದಿನಗಳಲ್ಲಿ ಅವನ ಗಿರಾಕಿಗಳು ಬೇರೆ ಗಾಡಿ ಹಿಡಿದಿದ್ದರು. ಅದನ್ನೂ ನಾನು ಕೇಳಿದ ಮೇಲೆಯೇ ಹೇಳಿದ. ನಾನು ಕ್ಷಮೆ ಕೇಳಲು ಬಾಯಿ ತೆರೆದೆ.

"ಕೂಡು," ಅಂದ. "ಮೊನ್ನಿ ದೇವಣಿ ರಸ್ತಿ ಮ್ಯಾಲ ಒಬ್ಬ ಹುಡುಗ ಬಿದ್ದಿದ್ದ, ನಿನ್ನಂಗ. ಗಾಡಿ ನಿಲ್ಸಾಕ ಅಂಜಿದೆ. ಖರೆ ಹೇಳ್ತೀನಿ, ಒಂದ್ ಸ್ವಲ್ಪ ಮುಂದ ಹೋದೆ."

"ಆಮ್ಯಾಲ?"

"ಆಮ್ಯಾಲೇನು? ರಿವರ್ಸ್ ತೊಗೊಂಡೆ."

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ. ಊರಲ್ಲಿ ಜನ ಕೇಳಿದರು — ಕೇಸು ಏನಾಯಿತು? ಕಾಕಾ ಹೇಳಿದರು: "ಆ ಬಾಯಿ ಕಂಪನಿಯವರ ಜೋಡಿ ಒಳಗಿಂದೊಳಗ ಕೂಡ್ಯಾಳ. ನಮ್ಮ ಹುಡುಗಂದು ಮುಳುಗಿಸ್ಯಾಳ." ನಾನು ಅಲ್ಲೇ ಕೂತಿದ್ದೆ. ಎಲ್ಲರೂ ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ಅದನ್ನು ಹೌದು ಎಂದು ತಿಳಿದರು. ಹಾಗೆ ತಿಳಿಯಲಿ ಎಂದೇ ತಗ್ಗಿಸಿದ್ದೆ.

ಆ ಮಾತು ಸುತ್ತಲ ಹಳ್ಳಿಗಳಿಗೆ ಹೋಯಿತು. ನಮ್ಮ ಕಡೆಯವರು ಆಕೆಯ ಕಚೇರಿಗೆ ಹೋಗುವುದನ್ನು ಬಿಟ್ಟರು. ಒಂದೇ ಮಾತಿನಲ್ಲಿ ಆಕೆ ಅದನ್ನು ಅಳಿಸಬಹುದಿತ್ತು. ಕಕ್ಷಿದಾರ ಬಾಗಿಲು ಮುಚ್ಚಿ ಹೇಳಿದ್ದನ್ನು ವಕೀಲರು ಹೊರಗೆ ಆಡಬಾರದು — ಅದಕ್ಕೆ ಆಕೆ ಆಡಲಿಲ್ಲ. ನಿಲಂಗಾದ ಬಸ್‌ಸ್ಟ್ಯಾಂಡಿನಲ್ಲಿ ಎಷ್ಟೋ ಸಲ ಎದುರಾದರು. ಎಲ್ಲ ಕೇಳಿ ಗೊತ್ತಿದ್ದೂ, "ಕಾಲು ಉಜ್ಜತದೇನು? ಪಟ್ಟಿ ಸಡಲ ಮಾಡ್ಕೋ," ಎಂದು ಹೇಳಿ ಹೋಗುತ್ತಿದ್ದರು. ಆ ದೊಡ್ಡತನದ ಎದುರು ನಾನು ಪ್ರತಿಸಲ ಇಂದು ಹೇಳಿಬಿಡುತ್ತೇನೆ ಎಂದುಕೊಂಡು, ಊರಿಗೆ ಬಂದು ಸುಮ್ಮನಾಗುತ್ತಿದ್ದೆ.

ಕಳೆದ ವಾರ ನಮ್ಮ ಓಣಿಯ ದಯಾನಂದ ಬಂದ. ಜೀಪು ಗುದ್ದಿ ಅವನ ಎಡಗೈ ಎತ್ತಲಾಗದಂತಾಗಿದೆ. ಯಾವ ವಕೀಲರ ಹತ್ತಿರ ಹೋಗಲಿ ಎಂದು ಕೇಳಿದ. ಸುನಂದಾಬಾಯಿ ಎಂದೆ. ನಾನೇ ಜೊತೆಗೆ ಹೊರಟೆ. ಬಸ್ಸು ಹತ್ತುವಾಗ ಅವನು ತನ್ನ ಒಳ್ಳೆಯ ಕೈಯಿಂದ ನನ್ನ ರಟ್ಟೆ ಹಿಡಿದು ಹತ್ತಿಸಿದ.

ದಾರಿಯಲ್ಲಿ ಕೇಳಿದ: "ಅಣ್ಣಾ, ಆಕಿ ನಿಂದ ಕೇಸ ಮುಳುಗಿಸ್ಯಾಳಂತಾರಲ್ಲ?"

ಹೇಳಿದೆ. ಲಾರಿ, ಮೆಹಬೂಬಭಾಯಿ, ಬಾಗಿಲು ಮುಚ್ಚಿದ ಕೋಣೆ, ತಗ್ಗಿಸಿದ ತಲೆ — ಎಲ್ಲ. ಅವನು ಕಿಟಕಿಯ ಕಡೆ ತಿರುಗಿದ. ನಿಲಂಗಾದಲ್ಲಿ ಇಳಿಯುವಾಗ ನನಗಾಗಿ ನಿಲ್ಲಲಿಲ್ಲ. ನಾನು ಕಂಬಿ ಹಿಡಿದು ಒಬ್ಬನೇ ಇಳಿದೆ. ಅವನು ಮಾಡಿದ್ದು ಸರಿ.

ಅವನು ಆಕೆಯ ಕಚೇರಿಯ ಒಳಗೆ ಹೋದ. ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಆಕೆಯ ದನಿ ಕೇಳಿಸುತ್ತಿತ್ತು, ಮನೆಯಲ್ಲಿ ಯಾರ್‍ಯಾರಿದ್ದಾರೆಂದು ಅವನನ್ನು ವಿಚಾರಿಸುತ್ತಿದ್ದರು. ಒಬ್ಬನಿಗೆ ಹೇಳಿದ್ದಾಯಿತು. ಉಳಿದವರಿಗೆ ಈ ಸೋಮವಾರ, ಊರವರೆಲ್ಲ ಸೇರಿದಾಗ, ನಿಂತು ಹೇಳುತ್ತೇನೆ. ಕಾಕಾ ಮುಂದೆಯೇ ಕೂತಿರುತ್ತಾರೆ. ಈ ಸಲ ತಲೆ ಎತ್ತಿ.